ವ್ಯಾನಿಟಿ ಬ್ಯಾಗಿನ ಆಕಾರದ ಕೇಕು: ಮೊದಲ ಬಾರಿ ಮಾಡುತ್ತಿದ್ದೇನೆ, ತಿಳಿದವರು ದಾರಿ ತೋರಿಸಿ

ಪ್ರಶ್ನೆ: ವಿದ್ಯಾನಗರ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕ ಚಿತ್ರದುರ್ಗದಲ್ಲಿ ಸರ್ಕಾರಿ ಶಾಲೆಯ ಶಿಕ್ಷಕಿ. ಅರವತ್ತು ತುಂಬಿದ್ದರಿಂದ ಈ ಮೇ 31ಕ್ಕೆ ನಿವೃತ್ತಳಾಗುತ್ತಾಳೆ. ಅಂದು ಸಂಜೆ ಅವಳ ಮನೆಯಲ್ಲಿ ಇಪ್ಪತ್ತೈದು ಜನ ಸೇರುವ ಸಣ್ಣ ಕಾರ್ಯಕ್ರಮವಿದ್ದು, ಕೇಕನ್ನು ನಾನೇ ಮಾಡಿ ತರುತ್ತೇನೆಂದು ಒಪ್ಪಿಕೊಂಡಿದ್ದೇನೆ. ಅವಳು ಹತ್ತೊಂಬತ್ತು ವರ್ಷಗಳಿಂದ ಒಂದೇ ಕಂದು ಬಣ್ಣದ ಚರ್ಮದ ವ್ಯಾನಿಟಿ ಬ್ಯಾಗು ಹಿಡಿದು ಶಾಲೆಗೆ ಹೋಗಿದ್ದಾಳೆ. ಅದಕ್ಕೆ ಮುಂದೊಂದು ಮುಚ್ಚಳ, ಮುಚ್ಚಳದ ನಡುವೆ ಹಿತ್ತಾಳೆ ಬಣ್ಣದ ಬಕಲ್, ಮೇಲೆ ಎರಡು ಹಿಡಿಗಳು ಇವೆ. ಮುಂದಿನ ಹಿಡಿಯ ಎಡತುದಿ ಒಮ್ಮೆ ಕಿತ್ತುಬಂದಾಗ ಚಪ್ಪಲಿ ರಿಪೇರಿಯವರು ತಮ್ಮ ಹತ್ತಿರ ಇದ್ದ ಬಿಳಿ ದಾರದಲ್ಲೇ ಹೊಲಿದುಕೊಟ್ಟರು. ಆ ಹೊಲಿಗೆ ಇಂದಿಗೂ ದೂರದಿಂದಲೇ ಎದ್ದು ಕಾಣುತ್ತದೆ. ಆ ಬ್ಯಾಗನ್ನೇ, ಆ ಬಿಳಿ ಹೊಲಿಗೆಯ ಸಮೇತ, ಕೇಕಿನಲ್ಲಿ ಮಾಡಬೇಕೆಂಬುದು ನನ್ನ ಆಸೆ.

ಕುಕ್ಕರಿನಲ್ಲಿಯೂ ಓವನ್ನಿನಲ್ಲಿಯೂ ಸಾದಾ ಕೇಕು ಮಾಡಿ ಕ್ರೀಮ್ ಹಚ್ಚುವ ಅಭ್ಯಾಸ ನನಗಿದೆ. ಫಾಂಡೆಂಟ್, ಅಂದರೆ ಕೇಕಿಗೆ ಹೊದಿಸುವ ಸಕ್ಕರೆಯ ಕಣಕ, ಮಾತ್ರ ಹೊಸತು. ಹೋದ ಭಾನುವಾರ ಒಂದು ಪ್ರಯೋಗ ಮಾಡಿದೆ. ಮೊಸರು ಮತ್ತು ಎಣ್ಣೆ ಹಾಕಿದ ಮೊಟ್ಟೆಯಿಲ್ಲದ ಕೇಕನ್ನು ಮೂರು ಪದರ ಜೋಡಿಸಿ, ವಿಪ್ಪಿಂಗ್ ಕ್ರೀಮ್ ಹಚ್ಚಿ, ಅಂಗಡಿಯಿಂದ ತಂದ ಫಾಂಡೆಂಟನ್ನು ಹೋಳಿಗೆಯಂತೆ ಲಟ್ಟಿಸಿ ಒಂದೇ ಹಾಳೆಯಾಗಿ ಹೊದಿಸಿದೆ. ಮೂಲೆಗಳಲ್ಲಿ ನೆರಿಗೆ ಬಿತ್ತು. ಒಂದು ತಾಸಿನೊಳಗೆ ಕೆಳಭಾಗ ಉಬ್ಬಿ, ಮೇಲ್ಭಾಗ ಜಾರಿ, ಬ್ಯಾಗು ಇದ್ದದ್ದು ದಿಂಬಿನಂತೆ ಆಯಿತು. ಆಗಲೇ ಮಾಡಿ ಅಂಟಿಸಿದ ಹಿಡಿಗಳು ಎರಡು ಕಡೆಗೂ ಒರಗಿ ಮುರಿದುಬಿದ್ದವು.

ನಾನು ಕೇಳಬೇಕಾದದ್ದು ಇಷ್ಟು. ಕೇಕು ನೆಟ್ಟಗೆ ನಿಲ್ಲಲು ಒಳಗೆ ಏನು ಮಾಡಬೇಕು? ನೆರಿಗೆಯಿಲ್ಲದೆ ಫಾಂಡೆಂಟ್ ಹೊದಿಸುವುದು ಹೇಗೆ? ನಮ್ಮಲ್ಲಿ ದೋಸೆಗೆ ಬಳಸುವ ಒಳ್ಳೆಯ ಬಿಳಿ ಬೆಣ್ಣೆ ಸಿಗುತ್ತದೆ, ಕ್ರೀಮಿನ ಬದಲು ಅದನ್ನು ಸಕ್ಕರೆಪುಡಿಯೊಂದಿಗೆ ನಾದಿ ಹಚ್ಚಬಹುದೇ? ಮೇ ತಿಂಗಳ ಈ ಬಿಸಿಲಿನಲ್ಲಿ ಇಲ್ಲಿಂದ ಚಿತ್ರದುರ್ಗದವರೆಗೆ ಅದನ್ನು ಸಾಗಿಸುವುದು ಸಾಧ್ಯವೇ? ಕೇಕು ಮೊಟ್ಟೆಯಿಲ್ಲದ್ದೇ ಆಗಬೇಕು, ಫಾಂಡೆಂಟ್ ಕೂಡ ಸಸ್ಯಾಹಾರಿಯೇ ಆಗಬೇಕು. ನನ್ನ ಕೈಯಲ್ಲಿ ಇನ್ನು ಹದಿನೆಂಟು ದಿನಗಳಿವೆ.

ಉತ್ತರ: ಪಿ.ಜೆ. ಬಡಾವಣೆ, ದಾವಣಗೆರೆ

ಅಕ್ಕಾ, ನಮಸ್ಕಾರ. ನಾನು ಮನೆಯಲ್ಲಿ ಕೇಕು ಮಾಡಿ ಮಾರುತ್ತೇನೆ. ಬ್ಯಾಗಿನ ಕೇಕನ್ನು ಹಲವು ಬಾರಿ ಮಾಡಿದ್ದೇನೆ, ಮೊದಲನೆಯದು ನಿಮ್ಮದರಂತೆಯೇ ಕುಸಿದಿತ್ತು. ನಿಮ್ಮ ಕೇಕು ಕುಸಿಯಲು ವಿಪ್ಪಿಂಗ್ ಕ್ರೀಮೇ ಮುಖ್ಯ ಕಾರಣ. ಫಾಂಡೆಂಟ್ ಎಂದರೆ ಬಹುಪಾಲು ಸಕ್ಕರೆ, ಸಕ್ಕರೆ ನೀರನ್ನು ಎಳೆದುಕೊಳ್ಳುತ್ತದೆ. ಕ್ರೀಮಿನಲ್ಲಿರುವ ನೀರು ತಾಗಿದ ಕಡೆಯೆಲ್ಲ ಫಾಂಡೆಂಟಿನ ಒಳಮೈ ಪಾಕವಾಗಿ ಜಾರತೊಡಗುತ್ತದೆ. ಸಾಲದ್ದಕ್ಕೆ, ಗಾಳಿ ತುಂಬಿದ ನೊರೆಯಂತಹ ಕ್ರೀಮಿನ ಮೇಲೆ ಒಂದು ಕಿಲೋ ಭಾರದ ಹೊದಿಕೆಯನ್ನು ಹೇರಿದ್ದೀರಿ. ಅದು ಪಕ್ಕಕ್ಕೆ ಉಬ್ಬದೆ ಇರಲಾರದು.

ಬಿಳಿ ಬೆಣ್ಣೆಯನ್ನು ದೋಸೆಗೇ ಬಿಡಿ. ಅದರಲ್ಲಿ ಅಂಗಡಿಯ ಪ್ಯಾಕೆಟ್ ಬೆಣ್ಣೆಗಿಂತ ನೀರಿನ ಅಂಶ ಹೆಚ್ಚು, ಸಕ್ಕರೆಪುಡಿ ಸೇರಿದ ಕೂಡಲೇ ಒಡೆದಂತಾಗುತ್ತದೆ. ಮೇಲಾಗಿ ಯಾವ ಬೆಣ್ಣೆಯಾದರೂ ನಮ್ಮ ಮೇ ತಿಂಗಳ ಮಧ್ಯಾಹ್ನದಲ್ಲಿ ಗಟ್ಟಿಯಾಗಿ ನಿಲ್ಲುವುದಿಲ್ಲ. ನಿಮಗೆ ಬೇಕಾದದ್ದು ಗನಾಶ್, ಅಂದರೆ ಬಿಸಿ ಕ್ರೀಮಿನಲ್ಲಿ ಕರಗಿಸಿದ ಚಾಕೊಲೇಟ್. ಸಾಧಾರಣ ದಿನಗಳಲ್ಲಿ ಎರಡು ಪಾಲು ಡಾರ್ಕ್ ಚಾಕೊಲೇಟಿಗೆ ಒಂದು ಪಾಲು ಕ್ರೀಮ್ ಸಾಕು, ಬೇಸಿಗೆಗೆ ಎರಡೂವರೆ ಪಾಲು ಚಾಕೊಲೇಟ್ ಹಾಕಿ. ನಿಮ್ಮ ಅಳತೆಯ ಬ್ಯಾಗಿಗೆ 750 ಗ್ರಾಂ ಡಾರ್ಕ್ ಕಾಂಪೌಂಡ್ (ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಹಾಕಿದ ಚಾಕೊಲೇಟ್) ಮತ್ತು 300 ಗ್ರಾಂ ಫ್ರೆಶ್ ಕ್ರೀಮ್ ಹಿಡಿಯುತ್ತದೆ. ರುಚಿಯಲ್ಲಿ ಕೋಕೋ ಬೆಣ್ಣೆಯ ಅಸಲಿ ಚಾಕೊಲೇಟೇ ಮೇಲು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೆ ಕರಗುತ್ತದೆ, ನಮ್ಮ ಊರಿನ ಮಧ್ಯಾಹ್ನಗಳು ಆ ಗೆರೆಯನ್ನು ದಾಟಿಯೇ ಇರುತ್ತವೆ. ಕ್ರೀಮನ್ನು ಅಂಚಿನಲ್ಲಿ ಗುಳ್ಳೆ ಏಳುವಷ್ಟು ಕಾಯಿಸಿ, ಸಣ್ಣಗೆ ಹೆಚ್ಚಿದ ಚಾಕೊಲೇಟಿನ ಮೇಲೆ ಸುರಿದು, ಮೂರು ನಿಮಿಷ ಮುಟ್ಟದೆ ಬಿಟ್ಟು, ಆಮೇಲೆ ನಡುವಿನಿಂದ ಹೊರಕ್ಕೆ ನಿಧಾನವಾಗಿ ತಿರುವಿ. ಮುಚ್ಚಿಟ್ಟರೆ ಮರುದಿನದ ಹೊತ್ತಿಗೆ ಗಟ್ಟಿ ಶ್ರೀಖಂಡದ ಹದಕ್ಕೆ ಬರುತ್ತದೆ. ಹಚ್ಚಲು ಅದೇ ಸರಿಯಾದ ಹದ.

ಕೇಕಿನಲ್ಲಿ ಎಣ್ಣೆಯ ಬದಲು ಬೆಣ್ಣೆ ಬಳಸಿ. ಎಣ್ಣೆಯ ಕೇಕು ಫ್ರಿಜ್ಜಿನಲ್ಲಿಟ್ಟರೂ ಮೆತ್ತಗೇ ಉಳಿಯುತ್ತದೆ; ಬೆಣ್ಣೆಯ ಕೇಕು ತಣ್ಣಗಾದಾಗ ಬಿಗಿಯಾಗುವುದರಿಂದ ಚಾಕುವಿಗೆ ಪುಡಿಯಾಗದೆ ಬಗ್ಗುತ್ತದೆ. ಕಂಡೆನ್ಸ್ಡ್ ಮಿಲ್ಕ್ ಮತ್ತು ಬೆಣ್ಣೆಯ ಮೊಟ್ಟೆಯಿಲ್ಲದ ಚಾಕೊಲೇಟ್ ಕೇಕು ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಎಂಟು ಇಂಚಿನ ಚೌಕದ ತಟ್ಟೆಯಲ್ಲಿ ಎರಡು ಇಂಚು ಎತ್ತರದ ಎರಡು ಕೇಕು ಬೇಯಿಸಿ, ಆರಿದ ಮೇಲೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಮರುದಿನ ಎರಡನ್ನೂ ನಡುವೆ ಕತ್ತರಿಸಿದರೆ ಎಂಟಕ್ಕೆ ನಾಲ್ಕು ಇಂಚಿನ ನಾಲ್ಕು ತುಂಡುಗಳಾಗುತ್ತವೆ. ಮೂರನ್ನು ಒಂದರ ಮೇಲೊಂದು ಪೇರಿಸಿ. ನಾಲ್ಕನೆಯದು ಹೋಳು ಮಾಡಿ ಹಂಚಲಿಕ್ಕೂ, ತಪ್ಪಿ ಹೆಚ್ಚು ಕೆತ್ತಿದ ಕಡೆ ತೇಪೆ ಹಾಕಲಿಕ್ಕೂ ಇರಲಿ.

ಎರಡು ಪದರಗಳಾದ ಮೇಲೆ ನಾಲ್ಕು ದಪ್ಪ ಸ್ಟ್ರಾಗಳನ್ನು ಕೇಕಿನ ಎತ್ತರಕ್ಕೆ ಸರಿಯಾಗಿ ಕತ್ತರಿಸಿ ಒಳಗೆ ಇಳಿಸಿ, ಅವುಗಳ ಮೇಲೆ ಏಳಕ್ಕೆ ಎರಡೂವರೆ ಇಂಚಿನ ತೆಳುವಾದ ಕೇಕ್ ಬೋರ್ಡ್ ಇಟ್ಟು, ಅದರ ಮೇಲೆ ಮೂರನೆಯ ಪದರ ಕೂರಿಸಿ. ಮೇಲಿನ ಭಾರ ಆಗ ಸ್ಟ್ರಾಗಳ ಮೂಲಕ ನೇರವಾಗಿ ತಳದ ಹಲಗೆಗೆ ಇಳಿಯುತ್ತದೆ, ಕೆಳಗಿನ ಕೇಕಿನ ಮೇಲೆ ಬೀಳುವುದಿಲ್ಲ. ಬೋರ್ಡಿನ ನಡುವೆ ಮೊದಲೇ ಒಂದು ತೂತು ಮಾಡಿಟ್ಟುಕೊಂಡರೆ, ಮೇಲಿನಿಂದ ಒಂದು ಬಿದಿರಿನ ಕಡ್ಡಿಯನ್ನು ತಳದವರೆಗೂ ಚುಚ್ಚಬಹುದು. ದಾರಿಯಲ್ಲಿ ಪದರಗಳು ಜರುಗದಿರಲು ಅದು ಬೇಕೇಬೇಕು. ಕತ್ತರಿಸುವವರಿಗೆ ಒಳಗೆ ಕಡ್ಡಿಯೂ ಸ್ಟ್ರಾಗಳೂ ಇವೆಯೆಂದು ಮುಂಚೆಯೇ ಹೇಳಿ, ಮಕ್ಕಳ ತಟ್ಟೆಗೆ ಹೋಗಬಾರದು.

ಕೆತ್ತುವಾಗ ಬ್ರೆಡ್ ಕತ್ತರಿಸುವ ಹಲ್ಲಿನ ಚಾಕು ಹಿಡಿದು, ತಳದಲ್ಲಿ ನಾಲ್ಕು ಇಂಚು ಇರುವ ದಪ್ಪ ಮೇಲಕ್ಕೆ ಹೋಗುತ್ತ ಎರಡೂವರೆ ಇಂಚಿಗೆ ಇಳಿಯುವಂತೆ ಎರಡೂ ಕಡೆ ಸಮನಾಗಿ ಓರೆ ಮಾಡಿ. ಒಮ್ಮೆಗೆ ತೆಳ್ಳಗೆ ಕೆತ್ತಬೇಕು, ದೂರ ನಿಂತು ನೋಡಬೇಕು, ಮತ್ತೆ ಕೆತ್ತಬೇಕು. ಅನಂತರ ಗನಾಶನ್ನು ತೆಳ್ಳಗೆ ಹಚ್ಚಿ ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು, ಎರಡನೆಯ ಬಾರಿ ದಪ್ಪವಾಗಿ ಹಚ್ಚಿ, ಸ್ಟೀಲ್ ಸ್ಕೇಲನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿಕೊಂಡು ಅದರಿಂದ ಮೈ ನಯಮಾಡಿ. ಫಾಂಡೆಂಟ್ ಯಾವ ತಪ್ಪನ್ನೂ ಮುಚ್ಚುವುದಿಲ್ಲ. ಕೆಳಗಿನ ತಗ್ಗು ದಿಣ್ಣೆಗಳೆಲ್ಲ ಮೇಲೆ ಹಾಗೆಯೇ ಕಾಣುತ್ತವೆ. ಆದ್ದರಿಂದ ಗನಾಶಿಗೆ ಕೊಟ್ಟ ಹೊತ್ತು ವ್ಯರ್ಥವಾಗುವುದಿಲ್ಲ.

ಒಂದೇ ಹಾಳೆಯಾಗಿ ಹೊದಿಸುವ ಯೋಚನೆಯನ್ನು ಬಿಟ್ಟುಬಿಡಿ. ಗನಾಶ್ ಗಟ್ಟಿಯಾದ ಮೇಲೆ ಕೇಕಿನ ಪ್ರತಿಯೊಂದು ಮುಖಕ್ಕೂ ಪತ್ರಿಕೆಯ ಹಾಳೆಯಲ್ಲಿ ಅಳತೆಯ ಪಡಿಯಚ್ಚು ಕತ್ತರಿಸಿಕೊಳ್ಳಿ. ಹಾಳೆ ಕೇಕಿಗೆ ತಾಗದಂತೆ ನಡುವೆ ಬಟರ್ ಪೇಪರ್ ಇರಲಿ. ಫಾಂಡೆಂಟನ್ನು ಕಾರ್ನ್ ಫ್ಲೋರ್ ತೀರ ತೆಳ್ಳಗೆ ಉದುರಿಸಿಕೊಂಡು ನಾಲ್ಕು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ಅಚ್ಚಿಟ್ಟು ಕತ್ತರಿಸಿ, ಮೊದಲು ಎರಡು ಪಕ್ಕ, ಆಮೇಲೆ ಮುಂದಿನ ಮುಖ, ಕೊನೆಗೆ ಹಿಂದಿನ ಮುಖ ಎಂದು ಬಿಡಿಬಿಡಿಯಾಗಿ ಅಂಟಿಸಿ. ಅಂಟಿಸಲು ಬ್ರಷ್ಷಿನಲ್ಲಿ ಒಂದಿಷ್ಟು ನೀರು ಸವರಿದರೆ ಸಾಕು. ಮುಚ್ಚಳದ ಹಾಳೆಯನ್ನು ಹಿಂದಿನ ಮೇಲಂಚಿನಿಂದ ಹೊರಡಿಸಿ, ಮೇಲಕ್ಕೆ ಹಾಯಿಸಿ ಮುಂದಕ್ಕೆ ಇಳಿಬಿಟ್ಟರೆ ಮೇಲಿನ ಕೂಡುಗಳೆಲ್ಲ ಅದರಡಿ ಅಡಗುತ್ತವೆ. ಎಲ್ಲಕ್ಕೂ ಸೇರಿ ಒಂದು ಕಿಲೋ ಫಾಂಡೆಂಟ್ ಬೇಕು, ಹಿಡಿ ಮತ್ತು ಪಟ್ಟಿಗಳಿಗೆ ಇನ್ನೊಂದು ಕಾಲು ಕಿಲೋ. ಕೆಲವು ಫಾಂಡೆಂಟುಗಳಲ್ಲಿ ಜೆಲಾಟಿನ್ ಇರುತ್ತದೆ, ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ನೋಡಿಯೇ ಕೊಳ್ಳಿ.

ಹಿಡಿಗಳನ್ನು ನಾಳೆಯೇ ಮಾಡಿ. ಇದು ನಾನು ಹೇಳುವುದರಲ್ಲೆಲ್ಲ ಮುಖ್ಯವಾದ ಮಾತು. ಕಾಲು ಕಿಲೋ ಫಾಂಡೆಂಟಿಗೆ ಫಾಂಡೆಂಟನ್ನು ಗಟ್ಟಿಯಾಗಿ ಒಣಗಿಸುವ ಸಿಎಂಸಿ ಪುಡಿಯನ್ನು ಒಂದು ಚಹಾ ಚಮಚ ಸೇರಿಸಿ ನಾದಿ, ಕಿರುಬೆರಳ ಗಾತ್ರಕ್ಕೆ ಹೊಸೆದು, ಎರಡು ತುದಿಗಳಿಗೂ ಮೂರು ಇಂಚಿನ ಬಿದಿರಿನ ಕಡ್ಡಿಯನ್ನು ಅರ್ಧ ಒಳಗೆ ಅರ್ಧ ಹೊರಗೆ ಇರುವಂತೆ ಸೇರಿಸಿ, ಬಟರ್ ಪೇಪರ್ ಸುತ್ತಿದ ಸ್ಟೀಲ್ ಡಬ್ಬಿಯನ್ನು ಅಡ್ಡ ಮಲಗಿಸಿ ಅದರ ಮೇಲೆ ಬಾಗಿಸಿಡಿ. ಒಣಗಲು ನಾಲ್ಕು ದಿನ ಬೇಕು, ಮಳೆ ಮೋಡವಿದ್ದರೆ ಇನ್ನೂ ಹೆಚ್ಚು. ಬೇಕಾದದ್ದು ಎರಡಾದರೂ ನಾಲ್ಕು ಮಾಡಿಟ್ಟುಕೊಳ್ಳಿ. ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ, ಮೆತ್ತಗಾಗುತ್ತವೆ. ಅವುಗಳನ್ನು ಕೇಕಿಗೆ ಚುಚ್ಚುವುದು ಚಿತ್ರದುರ್ಗ ತಲುಪಿದ ಮೇಲೆಯೇ.

ಉತ್ತರ: ಚಿತ್ರದುರ್ಗ

ಅಕ್ಕನವರೆ, ನನಗೆ ಕೇಕಿನ ಕೆಲಸ ಬಾರದು. ನಾನು ಇಪ್ಪತ್ತಾರು ವರ್ಷಗಳಿಂದ ಚರ್ಮ ಮತ್ತು ರೆಗ್ಜಿನ್ನಿನ ಬ್ಯಾಗುಗಳನ್ನು ಹೊಲಿಯುವವನು. ಮೇಲಿನ ತಂಗಿಯವರು ಬಿಡಿ ಮುಖಗಳಾಗಿ ಕತ್ತರಿಸಿ ಜೋಡಿಸಿ ಎಂದದ್ದನ್ನು ಓದಿ ಸಂತೋಷವಾಯಿತು, ಏಕೆಂದರೆ ನಿಜವಾದ ಬ್ಯಾಗನ್ನೂ ನಾವು ಹಾಗೆಯೇ ಮಾಡುತ್ತೇವೆ. ಬ್ಯಾಗಿಗೆ ಬ್ಯಾಗಿನ ಕಳೆ ಬರುವುದು ಎಲ್ಲಿಂದ ಎಂಬುದನ್ನು ನನಗೆ ತಿಳಿದಷ್ಟು ಹೇಳುತ್ತೇನೆ.

ಮೊದಲನೆಯದು ಕೂಡು. ಮುಂದಿನ ಮುಖವೂ ಪಕ್ಕದ ಪಟ್ಟಿಯೂ ಸೇರುವ ಅಂಚಿನಲ್ಲಿ ನಾವು ಪೈಪಿಂಗ್, ಅಂದರೆ ದಾರದಂತಹ ಉಬ್ಬು ಅಂಚು, ಕೊಡುತ್ತೇವೆ. ನೀವು ಫಾಂಡೆಂಟನ್ನು ಶಾವಿಗೆಗಿಂತ ತುಸು ದಪ್ಪವಾಗಿ ಹೊಸೆದು ಆ ಅಂಚಿನುದ್ದಕ್ಕೂ ಅಂಟಿಸಿದರೆ ಕತ್ತರಿಸಿದ ಗೆರೆ ಮುಚ್ಚುತ್ತದೆ, ನೋಡಿದವರಿಗೆ ಪೈಪಿಂಗ್ ಎಂದೇ ಕಾಣುತ್ತದೆ. ಎರಡನೆಯದು ಹೊಲಿಗೆ. ಬ್ಯಾಗಿನ ಹೊಲಿಗೆ ಬಟ್ಟೆಯ ಹೊಲಿಗೆಯಂತೆ ಸಣ್ಣದಲ್ಲ. ಒಂದು ಇಂಚಿಗೆ ಆರರಿಂದ ಎಂಟು ಹೊಲಿಗೆ ಬೀಳುತ್ತವೆ, ಅಂಚಿನಿಂದ ಮೂರು ಮಿಲಿಮೀಟರ್ ಒಳಗೆ ಒಂದೇ ನೇರಕ್ಕೆ ಸಾಗುತ್ತವೆ. ಹೊಲಿಗೆ ಅಂಚಿಗೆ ಸಮನಾಗಿ ಹೋಗದಿದ್ದರೆ ಎಷ್ಟು ಚಂದದ ಬ್ಯಾಗಾದರೂ ಆಟಿಕೆಯಂತೆ ಕಾಣುತ್ತದೆ. ಆದ್ದರಿಂದ ಸ್ಕೇಲ್ ಇಟ್ಟೇ ಗುರುತು ಹಾಕಿ. ನಮ್ಮ ಮನೆಯವರು ಇದನ್ನು ಓದುತ್ತಿದ್ದಾಗ, ಕರ್ಜಿಕಾಯಿಯ ಅಂಚು ಕತ್ತರಿಸುವ ಹಲ್ಲಿನ ಚಕ್ರವನ್ನು ಮೆಲ್ಲಗೆ ಉರುಳಿಸಿದರೆ ಹೊಲಿಗೆಯ ಗುರುತು ತಾನೇ ಬೀಳುತ್ತದಲ್ಲವೇ ಎಂದರು. ಚಪಾತಿ ಹಿಟ್ಟಿನ ಮೇಲೆ ಉರುಳಿಸಿ ನೋಡಿದೆವು, ಚೆನ್ನಾಗಿಯೇ ಬಿತ್ತು. ಒತ್ತಿದರೆ ಕತ್ತರಿಸಿಬಿಡುತ್ತದೆ, ಕೈ ಹಗುರವಾಗಿರಲಿ.

ಮೂರನೆಯದು ಹಿಡಿಯ ಬುಡ. ಭಾರವೆಲ್ಲ ಅಲ್ಲೇ ಬೀಳುವುದರಿಂದ ನಾವು ಅಲ್ಲೊಂದು ಚರ್ಮದ ತುಂಡು ಇಟ್ಟು, ಸುತ್ತ ಚೌಕವಾಗಿಯೂ ನಡುವೆ ಮೂಲೆಯಿಂದ ಮೂಲೆಗೂ ಹೊಲಿಯುತ್ತೇವೆ. ನೀವು ಅಲ್ಲೊಂದು ಸಣ್ಣ ಚೌಕದ ತುಂಡನ್ನು ಅಂಟಿಸಿ, ಹಿಡಿಯ ಕಡ್ಡಿಯನ್ನು ಅದರ ಮೇಲಂಚಿನ ಹಿಂದಿನಿಂದ ಇಳಿಸಿದರೆ ಚುಚ್ಚಿದ ಜಾಗ ಕಾಣುವುದಿಲ್ಲ.

ಹತ್ತೊಂಬತ್ತು ವರ್ಷ ದುಡಿದ ಬ್ಯಾಗು ಎಂದಿದ್ದೀರಿ. ಹಾಗಿದ್ದರೆ ಅದನ್ನು ಹೊಸದರಂತೆ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಅಷ್ಟು ಹಳೆಯ ಬ್ಯಾಗಿನ ತಳದ ನಾಲ್ಕು ಮೂಲೆಗಳು ಸವೆದು ಬಣ್ಣ ತಿಳಿಯಾಗಿರುತ್ತವೆ. ಹಿಡಿಯ ಒಳಬದಿ ಕೈಯ ಬೆವರಿಗೆ ಕಪ್ಪಾಗಿರುತ್ತದೆ. ಬಕಲಿನ ಪಟ್ಟಿಯಲ್ಲಿ ಐದು ತೂತುಗಳಿದ್ದರೆ ದಿನವೂ ಹಾಕಿದ ಒಂದು ತೂತು ಮಾತ್ರ ಉದ್ದಕ್ಕೆ ಹಿಗ್ಗಿರುತ್ತದೆ, ಉಳಿದವು ಗುಂಡಗೇ ಇರುತ್ತವೆ. ಆ ಬ್ಯಾಗಿನ ಫೋಟೋವನ್ನು ನಾಲ್ಕು ಕಡೆಯಿಂದಲೂ ಹತ್ತಿರದಿಂದ ತೆಗೆಸಿಕೊಂಡು ಎದುರಿಗಿಟ್ಟುಕೊಳ್ಳಿ. ಬಿಳಿ ಹೊಲಿಗೆಯನ್ನು ಚಕ್ರದಿಂದ ಮಾಡದೆ ಒಂದೊಂದನ್ನೂ ಕೈಯಿಂದಲೇ ಇಡಿ; ರಿಪೇರಿಯ ಹೊಲಿಗೆ ಕೈಹೊಲಿಗೆಯಾಗಿರುತ್ತದೆ, ಉದ್ದ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ.

ಉತ್ತರ: ಹರಿಹರ

ಬಕಲಿಗೆ ಹಿತ್ತಾಳೆಯ ಬಣ್ಣ ಬೇಕೆಂದಿದ್ದೀರಿ, ಅದರ ಬಗ್ಗೆ ಒಂದು ಎಚ್ಚರಿಕೆ ಹೇಳುವುದು ಅಗತ್ಯವೆನಿಸಿತು. ಕೇಕಿನ ಸಾಮಾನಿನ ಅಂಗಡಿಗಳಲ್ಲಿ ಚಿನ್ನದ ಬಣ್ಣದ ಹೊಳಪಿನ ಪುಡಿ ಎರಡು ಬಗೆಯದು ಇರುತ್ತದೆ. ಒಂದು ತಿನ್ನಲು ಯೋಗ್ಯವಾದದ್ದು. ಇನ್ನೊಂದರ ಡಬ್ಬಿಯ ಮೇಲೆ ‘ನಾನ್ ಟಾಕ್ಸಿಕ್’ ಎಂದಷ್ಟೇ ಬರೆದಿರುತ್ತದೆ. ವಿಷವಲ್ಲ ಎಂದ ಮಾತ್ರಕ್ಕೆ ಅದು ಆಹಾರವಾಗುವುದಿಲ್ಲ, ಅದು ಅಲಂಕಾರಕ್ಕೆಂದು ಮಾಡಿದ ಪುಡಿ. 2018ರಲ್ಲಿ ಅಮೆರಿಕದ ರೋಡ್ ಐಲ್ಯಾಂಡ್ ರಾಜ್ಯದಲ್ಲಿ ಹುಟ್ಟುಹಬ್ಬದ ಕೇಕು ತಿಂದ ಆರು ಮಕ್ಕಳಿಗೆ ವಾಂತಿ ಭೇದಿಯಾಗಿ, ಕೇಕಿನ ಮೇಲೆ ಬಳಿದಿದ್ದ ಹೊಳಪಿನ ಪುಡಿಯನ್ನು ಪರೀಕ್ಷಿಸಿದಾಗ ಅದರಲ್ಲಿ ಬಹುಪಾಲು ತಾಮ್ರವೇ ಇತ್ತು. ಆದ್ದರಿಂದ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ ಸಂಖ್ಯೆಯೂ, ಒಳಗೆ ಏನೇನಿದೆ ಎಂಬ ಪಟ್ಟಿಯೂ ಇರುವ ಡಬ್ಬಿಯನ್ನೇ ಕೊಳ್ಳಿ. ಬಿಡಿಯಾಗಿ ಪೊಟ್ಟಣ ಕಟ್ಟಿಕೊಟ್ಟದ್ದು ಬೇಡ.

ಬಕಲನ್ನು ಹಳದಿ ಫಾಂಡೆಂಟಿನಲ್ಲಿ ಮಾಡಿ ಒಣಗಿಸಿ, ಬೆರಳಿಗೆ ವನಸ್ಪತಿಯ ಲೇಶ ತಾಗಿಸಿಕೊಂಡು ಸವರಿ, ಪುಡಿಯನ್ನು ಒಣ ಬ್ರಷ್ಷಿನಿಂದ ಉಜ್ಜಿದರೆ ಪುಡಿ ಕಲಸಲು ಹಲವರು ಬಳಸುವ ಮದ್ಯಸಾರವಿಲ್ಲದೆಯೇ ಹೊಳಪು ಹಿಡಿಯುತ್ತದೆ. ಕತ್ತರಿಸುವ ಮೊದಲು ಬಕಲನ್ನು ತೆಗೆದಿಡುವುದೂ ಒಳ್ಳೆಯದು. ಇನ್ನೊಂದು ಸಲಹೆ: ಕಂದು ಬಣ್ಣದ ಬ್ಯಾಗಾದ್ದರಿಂದ ಫಾಂಡೆಂಟಿನ ಬದಲು ಚಾಕೊಲೇಟ್ ಮತ್ತು ಲಿಕ್ವಿಡ್ ಗ್ಲೂಕೋಸ್ ಸೇರಿಸಿ ನಾದಿದ ಮಾಡೆಲಿಂಗ್ ಚಾಕೊಲೇಟಿನಿಂದಲೇ ಹೊದಿಸಬಹುದು. ರುಚಿ ಬಹಳ ಚೆನ್ನಾಗಿರುತ್ತದೆ, ಕೂಡುಗಳನ್ನು ಬೆರಳಿನಿಂದ ಸವರಿಯೇ ಅಳಿಸಬಹುದು.

ಉತ್ತರ: ಪಿ.ಜೆ. ಬಡಾವಣೆ, ದಾವಣಗೆರೆ

ಹರಿಹರದವರು ಹೊಳಪಿನ ಪುಡಿಯ ಬಗ್ಗೆ ಹೇಳಿದ್ದು ಅಕ್ಷರಶಃ ಸರಿ. ಮಾಡೆಲಿಂಗ್ ಚಾಕೊಲೇಟಿನ ವಿಷಯದಲ್ಲಿ ಮಾತ್ರ ನಾನು ಒಪ್ಪಲಾರೆ. ಡಿಸೆಂಬರಿನಲ್ಲಾದರೆ ನಾನೇ ಅದನ್ನು ಹೇಳುತ್ತಿದ್ದೆ. ಮೇ ತಿಂಗಳಿನಲ್ಲಿ ಅದು ಕೈಯ ಬಿಸಿಗೇ ಎಣ್ಣೆ ಬಿಡುತ್ತದೆ, ಹೊಸಬರ ಕೈ ಹೆಚ್ಚು ಹೊತ್ತು ಹಿಡಿದಿರುತ್ತದೆ. ಎಸಿ ಇಲ್ಲದ ಕೋಣೆಯಲ್ಲಿ ಅದರ ಸಹವಾಸ ಬೇಡ.

ಬಣ್ಣಕ್ಕೆ ಜೆಲ್ ಬಣ್ಣವನ್ನೇ ಬಳಸಿ, ನೀರಿನಂತಹ ಬಣ್ಣ ಫಾಂಡೆಂಟನ್ನು ಅಂಟಾಗಿಸುತ್ತದೆ. ನಿಮಗೆ ಬೇಕಾದದ್ದಕ್ಕಿಂತ ತುಸು ತಿಳಿಯಾಗಿ ನಾದಿ ಮುಚ್ಚಿಟ್ಟರೆ ರಾತ್ರಿ ಕಳೆಯುವಷ್ಟರಲ್ಲಿ ಗಾಢವಾಗುತ್ತದೆ. ಚರ್ಮದ ಮೈ ಬರಲು, ಅಲ್ಯುಮಿನಿಯಂ ಫಾಯಿಲನ್ನು ಮುದುಡಿ ಮತ್ತೆ ಅರ್ಧ ಬಿಡಿಸಿ, ಲಟ್ಟಿಸಿದ ಹಾಳೆಯ ಮೇಲೆ ಒತ್ತಿ ತೆಗೆಯಿರಿ. ಸಣ್ಣ ಸಣ್ಣ ಸುಕ್ಕುಗಳು ಬೀಳುತ್ತವೆ. ಕೊನೆಗೆ ಕೋಕೋ ಪುಡಿಯನ್ನು ಒಣ ಬ್ರಷ್ಷಿನಲ್ಲಿ ಆ ಸುಕ್ಕುಗಳಿಗೂ ಹೊಲಿಗೆಯ ಗೆರೆಗಳಿಗೂ ತುಂಬಿ ಒರೆಸಿದರೆ, ಚಿತ್ರದುರ್ಗದ ಅಣ್ಣನವರು ಹೇಳಿದ ಹಳತನ ಅಲ್ಲಿ ಬರುತ್ತದೆ.

ಪ್ರಶ್ನೆ ಕೇಳಿದವರು: ವಿದ್ಯಾನಗರ, ದಾವಣಗೆರೆ

ಎಲ್ಲರಿಗೂ ಕೃತಜ್ಞತೆಗಳು. ನಾಲ್ಕು ಹಿಡಿಗಳನ್ನು ಮಾಡಿ ಒಣಗಲು ಇಟ್ಟಿದ್ದೇನೆ. ಫೋಟೋವನ್ನು ಅಕ್ಕನಿಗೆ ತಿಳಿಯದಂತೆ ಅವಳ ಮಗಳು ತೆಗೆದು ಕಳಿಸಿದ್ದಾಳೆ. ತೂತುಗಳಲ್ಲಿ ಮೂರನೆಯದು ನಿಜಕ್ಕೂ ಉದ್ದಕ್ಕೆ ಹಿಗ್ಗಿದೆ, ಅದನ್ನು ಇಷ್ಟು ವರ್ಷ ನಾನು ಗಮನಿಸಿಯೇ ಇರಲಿಲ್ಲ.

ನಿನ್ನೆ ಅರ್ಧ ಅಳತೆಯ ಬ್ಯಾಗೊಂದನ್ನು ಮಾಡಿ ನೋಡಿದೆ. ಈ ಸಲ ಕುಸಿಯಲಿಲ್ಲ. ಎರಡು ತೊಂದರೆಗಳು ಮಾತ್ರ ಉಳಿದಿವೆ. ಮುಚ್ಚಳವನ್ನು ಬಾಗಿಸಿದ ಕಡೆ ಫಾಂಡೆಂಟ್ ಒಣ ಕೆರೆಯ ತಳದಂತೆ ಸೀಳಿತು. ಫ್ರಿಜ್ಜಿನಿಂದ ಹೊರಗಿಟ್ಟ ಹತ್ತು ನಿಮಿಷಕ್ಕೆ ಮೈಯೆಲ್ಲ ಬೆವರಿ ಅಂಟಂಟಾಯಿತು, ಬೆರಳಿಟ್ಟ ಕಡೆಯೆಲ್ಲ ಗುರುತು ಬಿತ್ತು. ಇದಕ್ಕೆ ಏನು ಮಾಡಲಿ?

ಉತ್ತರ: ಪಿ.ಜೆ. ಬಡಾವಣೆ, ದಾವಣಗೆರೆ

ಅಕ್ಕಾ, ಸೀಳಲು ಕಾರಣ ಗಾಳಿಗೆ ಒಣಗುವುದು, ಇಲ್ಲವೇ ಕಾರ್ನ್ ಫ್ಲೋರ್ ಹೆಚ್ಚಾಗಿರುವುದು. ಲಟ್ಟಿಸುವಾಗ ಫ್ಯಾನ್ ಆರಿಸಿ. ಮುಚ್ಚಳದ ಪಾಲಿಗೆ ಅರ್ಧ ಚಮಚ ವನಸ್ಪತಿ ಹಾಕಿ ಚೆನ್ನಾಗಿ ನಾದಿ, ಲಟ್ಟಿಸಿದ ಎರಡು ಮೂರು ನಿಮಿಷಗಳೊಳಗೆ ಹೊದಿಸಿಬಿಡಿ. ಬಳಸದ ಫಾಂಡೆಂಟ್ ಸದಾ ಪ್ಲಾಸ್ಟಿಕ್ ಹಾಳೆಯೊಳಗಿರಲಿ, ಕಣಕವನ್ನು ಒದ್ದೆ ಬಟ್ಟೆಯಲ್ಲಿ ಮುಚ್ಚಿದಂತೆ ಇದನ್ನು ಮುಚ್ಚಬಾರದು.

ಬೆವರುವುದು ತಣ್ಣನೆಯ ಮೈಗೆ ಹೊರಗಿನ ಗಾಳಿಯ ತೇವ ತಾಗಿ. ತಣ್ಣೀರಿನ ಲೋಟದ ಹೊರಗೆ ಹನಿ ಕಟ್ಟುವುದೂ ಇದೇ. ಮೇ ಕೊನೆಗೆ ಮಳೆ ಹನಿಯತೊಡಗಿದರೆ ಇದು ಇನ್ನೂ ಹೆಚ್ಚುತ್ತದೆ. ಆದ್ದರಿಂದ ಸಿದ್ಧವಾದ ಕೇಕನ್ನು ರಟ್ಟಿನ ಡಬ್ಬಿಯಲ್ಲಿಟ್ಟು, ಸಂದುಗಳಿಗೆ ಟೇಪ್ ಹಚ್ಚಿ, ಡಬ್ಬಿಯ ಸಮೇತವೇ ಫ್ರಿಜ್ಜಿನಲ್ಲಿಡಿ. ಹೊರತೆಗೆದ ಮೇಲೆ ಒಂದೂವರೆ ತಾಸು ಡಬ್ಬಿ ತೆರೆಯಬಾರದು. ಹನಿ ರಟ್ಟಿನ ಹೊರಮೈಗೆ ಕಟ್ಟುತ್ತದೆ, ಒಳಗಿನ ಕೇಕು ನಿಧಾನವಾಗಿ ಹೊರಗಿನ ಬಿಸಿಗೆ ಹೊಂದಿಕೊಳ್ಳುತ್ತದೆ. ಅಕಸ್ಮಾತ್ ಬೆವರಿದರೂ ಒರೆಸಬೇಡಿ, ಫ್ಯಾನಿನ ಕೆಳಗೆ ಬಿಟ್ಟರೆ ತಾನಾಗಿ ಆರುತ್ತದೆ.

ಚಿತ್ರದುರ್ಗ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್, ಬೆಳಿಗ್ಗೆ ಆರಕ್ಕೇ ಹೊರಡಿ. ಕೇಕನ್ನು ಸೀಟಿನ ಮೇಲಾಗಲಿ ತೊಡೆಯ ಮೇಲಾಗಲಿ ಇಡಬೇಡಿ. ಸೀಟು ಹಿಂದಕ್ಕೆ ಓರೆಯಾಗಿರುತ್ತದೆ, ತೊಡೆ ಬಿಸಿಯಾಗಿರುತ್ತದೆ. ಮುಂದಿನ ಸೀಟಿನ ಕಾಲಿಡುವ ಜಾಗವೇ ಸಮತಟ್ಟಾದದ್ದು. ಕೆಳಗೊಂದು ಒದ್ದೆ ಮಾಡಿ ಹಿಂಡಿದ ಟವೆಲ್ ಹಾಸಿದರೆ ಡಬ್ಬಿ ಜಾರುವುದಿಲ್ಲ. ಕಾರಿನ ಎಸಿಯನ್ನು ಕೇಕು ಇಡುವ ಮೊದಲೇ ಹಾಕಿ. ಒಂದು ಡಬ್ಬಿಯಲ್ಲಿ ಉಳಿದ ಫಾಂಡೆಂಟ್, ಬ್ರಷ್ಷು, ನೀರು, ಸಣ್ಣ ಚಾಕು, ಹೆಚ್ಚುವರಿ ಹಿಡಿಗಳನ್ನು ತಪ್ಪದೆ ಒಯ್ಯಿರಿ.

ಪ್ರಶ್ನೆ ಕೇಳಿದವರು: ವಿದ್ಯಾನಗರ, ದಾವಣಗೆರೆ

ಕಾರ್ಯಕ್ರಮ ಮುಗಿಸಿ ನಿನ್ನೆ ರಾತ್ರಿ ಊರಿಗೆ ಬಂದೆ. ಸಹಾಯ ಮಾಡಿದ ನಿಮಗೆಲ್ಲ ನಡೆದದ್ದನ್ನು ತಿಳಿಸುವುದು ನನ್ನ ಕರ್ತವ್ಯ.

ಕೇಕು ನೆಟ್ಟಗೆ ನಿಂತಿತು. ಭರಮಸಾಗರ ದಾಟಿದ ಮೇಲೆ ಒಂದು ಕಡೆ ಗಾಡಿ ಜೋರಾಗಿ ಕುಲುಕಿದ್ದರಿಂದ ಹಿಂದಿನ ಬಲಮೂಲೆಯಲ್ಲಿ ಪೈಪಿಂಗ್ ಅರ್ಧ ಇಂಚು ಬಿಟ್ಟುಕೊಂಡಿತ್ತು. ಒಯ್ದಿದ್ದ ಫಾಂಡೆಂಟಿನಿಂದ ಅದನ್ನು ಸರಿಪಡಿಸಲು ಐದು ನಿಮಿಷ ಸಾಕಾಯಿತು. ಹಿಡಿಗಳಲ್ಲಿ ಒಂದು ಚುಚ್ಚುವಾಗಲೇ ಮುರಿಯಿತು. ನಾಲ್ಕು ಮಾಡಿಸಿದ ಪಿ.ಜೆ. ಬಡಾವಣೆಯ ತಂಗಿಯನ್ನು ಆ ಗಳಿಗೆಯಲ್ಲಿ ಮನಸಾರೆ ನೆನೆದೆ. ಕರ್ಜಿಕಾಯಿ ಚಕ್ರದ ಹೊಲಿಗೆ ಎಷ್ಟು ಸಮನಾಗಿ ಬಿದ್ದಿತ್ತೆಂದರೆ, ಶಾಲೆಯ ಇನ್ನೊಬ್ಬ ಶಿಕ್ಷಕಿ ಅಸಲಿ ಬ್ಯಾಗೆಂದೇ ತಿಳಿದು ಕೇಕನ್ನು ಮೇಜಿನ ಮೇಲಿಂದ ಎತ್ತಿ ಬದಿಗಿಡಲು ಕೈಚಾಚಿದರು. ಹೇಳಿದ ಅಳತೆಗೆ ಮಾಡಿದ ಗನಾಶಿನಲ್ಲಿ ಒಂದು ಬಟ್ಟಲು ಉಳಿಯಿತು. ಸ್ಟ್ರಾಗಳನ್ನೂ ಕಡ್ಡಿಯನ್ನೂ ಎಣಿಸಿ ತೆಗೆದ ಮೇಲೆಯೇ ಹೋಳುಗಳನ್ನು ಹಂಚಿದೆವು. ಒಳಗಿನ ಬೋರ್ಡಿನ ಮೇಲಿನ ಪದರವನ್ನು ಮೊದಲು ಕತ್ತರಿಸಿ ಮುಗಿಸಿ, ಬೋರ್ಡ್ ಎತ್ತಿ, ಆಮೇಲೆ ಕೆಳಗಿನ ಪದರಗಳಿಗೆ ಹೋದರೆ ಕೆಲಸ ಸಲೀಸಾಗುತ್ತದೆ ಎಂಬುದನ್ನು ಮುಂದೆ ಮಾಡುವವರಿಗಾಗಿ ಬರೆದಿಡುತ್ತಿದ್ದೇನೆ.

ಅಕ್ಕ ಮೊದಲು ದೂರದಿಂದ ನೋಡಿ, ನನ್ನ ಬ್ಯಾಗನ್ನು ಮೇಜಿನ ಮೇಲೆ ಯಾರು ಇಟ್ಟರು ಎಂದು ಕೇಳಿದಳು. ಹತ್ತಿರ ಬಂದವಳು ಏನೂ ಮಾತಾಡದೆ ಮುಂದಿನ ಹಿಡಿಯ ಎಡತುದಿಗೆ ಬಾಗಿ, ಬಿಳಿ ಹೊಲಿಗೆಗಳನ್ನು ಬೆರಳು ತಾಗಿಸದೆ ಒಂದೊಂದಾಗಿ ಎಣಿಸಿದಳು. ಏಳು ಇದ್ದವು. ಅಸಲಿ ಬ್ಯಾಗಿನಲ್ಲಿಯೂ ಏಳೇ ಇವೆ. ಚೌಕದ ಆ ತುಂಡನ್ನು ಕತ್ತರಿಸಲು ಬಿಡದೆ, ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಒಳಗೆ ತೆಗೆದಿಟ್ಟುಕೊಂಡಿದ್ದಾಳೆ.